ಎರಡು ಯಾಕೆ, ಸೊನ್ನೆ ಯಾಕಲ್ಲ

ಫಿನೈಲಿನ ವಾಸನೆ ಬಾಗಿಲವರೆಗೆ ಬಂದು ನಿಂತಿದೆ, ಒಳಗೆ ಬರಲೋ ಬೇಡವೋ ಎನ್ನುವಂತೆ, ವರಾಂಡ ಒರೆಸುವವಳು ಬಕೆಟ್ಟನ್ನು ಕಾಲಿನಿಂದ ತಳ್ಳುತ್ತಿದ್ದಾಳೆ, ಕರ್ರ್ ಎಂದು ಒಮ್ಮೆ, ಇನ್ನೊಮ್ಮೆ, ಸದ್ಯ ಅಷ್ಟಾದರೂ ಸದ್ದಿದೆಯಲ್ಲ, ಇಲ್ಲದಿದ್ದರೆ ಈ ಮೌನವನ್ನು ಒಳಗೆ ಕುರ್ಚಿಯಲ್ಲಿ ಕೂತ ಇವಳೊಬ್ಬಳೇ ಹೊರಬೇಕಿತ್ತು — ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು, ಅದೇ ಇವಳ ಉದ್ಯೋಗ, ಈ ಆಸ್ಪತ್ರೆಯಲ್ಲಿ ಆಪ್ತಸಲಹೆಗಾರ್ತಿ ಎಂದು ಕುರ್ಚಿ ಕೊಟ್ಟಿರುವುದು ಮುಖ್ಯವಾಗಿ ಸುಮ್ಮನೆ ಕೂರಲಿಕ್ಕೆ. ಮಂಚದ ಮೇಲೆ ಕ್ಷೌರಿಕ, ಗೋಡೆಗೆ ಒರಗಿಕೊಂಡು, ಬಲಗಾಲು ದಿಂಬಿನ ಮೇಲೆ, ಬ್ಯಾಂಡೇಜಿನ ತುದಿಯಲ್ಲಿ ಕಪ್ಪಿಟ್ಟ ಹೆಬ್ಬೆರಳು. ನಾಳೆ ಬೆಳಿಗ್ಗೆ ಅದನ್ನು ತೆಗೆಯಬೇಕು, ಬೆರಳು ಉಳಿಸಹೊರಟರೆ ಪಾದ ಹೋಗುತ್ತೆ, ಅಷ್ಟಕ್ಕೇ ನಿಂತರೆ ಪುಣ್ಯ, ನೀವು ಒಪ್ಪಿಸಿ ಮೇಡಂ, ನಿಮ್ಮ ಮಾತು ಕೇಳ್ತಾರೆ, ಎಂದರು ಸರ್ಜನ್ನು, ಕೈ ತೊಳೆಯುತ್ತಲೇ. ಒಪ್ಪಿಸುವುದು! ಆ ಮಾತನ್ನೇ ಅವಳಿಂದ ಕಿತ್ತಿಟ್ಟುಕೊಂಡಿದ್ದರು ಈ ಕೆಲಸ ಕಲಿಸಿದ ಮೇಷ್ಟ್ರು, ಒಂದು ದಿನ ತರಗತಿಯ ಬಾಗಿಲ ಆಚೆ ಒಬ್ಬಳನ್ನು ನಿಲ್ಲಿಸಿ ತಳ್ಳು ಎಂದರು, ಈಚೆ ನಿಂತಿದ್ದ ಇವಳು ಯಾರೂ ಹೇಳದೆ ತಾನೂ ತಳ್ಳಿದಳು, ನೋಡಿದ್ರಾ, ನೀವು ಬದಲಾಗು ಅಂತ ವಾದಿಸಿದಷ್ಟೂ ಅವರು ಇದ್ದಹಾಗೇ ಇರೋದಕ್ಕೆ ವಾದ ಹೂಡ್ತಾರೆ, ಅವರ ಕಾರಣ ಅವರ ಬಾಯಿಂದಲೇ ಬರಲಿ, ಕಾಯಿರಿ. ಅಂದಿನಿಂದ ಕಾಯುತ್ತಲೇ ಇದ್ದಾಳೆ. ಈಗಲೂ ಹಾಗೇ ಕೇಳಿದಳು, ಬೆರಳು ತೆಗೆಸಿಕೊಳ್ಳೋಕೆ ಎಷ್ಟು ಮನಸ್ಸಿದೆ ಅಣ್ಣಾ, ಸೊನ್ನೆ ಅಂದರೆ ಒಂಚೂರೂ ಇಲ್ಲ, ಹತ್ತು ಅಂದರೆ ಈಗಲೇ ನಡೀರಿ ಅಂತ, ಆತ ಎರಡು ಎಂದ, ಇಷ್ಟು ಕಡಿಮೆ ಯಾಕೆ ಎನ್ನಬಾರದು, ಎಂದರೆ ಬೇಡ ಎನ್ನುವುದಕ್ಕೇ ಕಾರಣ ಪೋಣಿಸುತ್ತಾ ಹೋಗುತ್ತಾನೆ, ತಿರುಗಿಸಿ ಕೇಳಬೇಕು, ಕೇಳಿದಳು — ಎರಡು ಯಾಕೆ, ಸೊನ್ನೆ ಯಾಕಲ್ಲ? ಆತ ಕಿಟಕಿಯತ್ತ ಮುಖ ಮಾಡಿದ, ಇನ್ನೂ ಈ ಕಡೆ ತಿರುಗಿಲ್ಲ.

ಚಿಕ್ಕಂದಿನಲ್ಲಿ ಇವಳ ಅಜ್ಜಿಯೂ ಕಥೆ ಹೇಳುವಾಗ ಹೀಗೇ, ರಾಜಕುಮಾರಿಯನ್ನು ಬಾವಿಯ ದಂಡೆಯಲ್ಲಿ ನಿಲ್ಲಿಸಿ ಸುಮ್ಮನಾಗುವಳು, ಮಕ್ಕಳು ಹೂಂ ಅನ್ನುವವರೆಗೆ ಮುಂದಿನ ಮಾತಿಲ್ಲ, ನಿದ್ದೆ ಬಂದವರ ರಾಜಕುಮಾರಿ ಅಲ್ಲೇ ನಿಂತಿರಲಿ, ಪಾಪ. ಈಗ ಇವಳೇ ಊರವರ ಕಥೆಗಳಿಗೆಲ್ಲ ಹೂಂಗುಟ್ಟುವವಳು, ಸಂಜೆ ಮನೆಗೆ ಹೋದರೆ ಮಗನಿಗೆ ಹೂಂ ಅನ್ನಲೂ ಉಸಿರಿರುವುದಿಲ್ಲ. ಮೇಡಮ್ನೋರೆ, ನೀವು ಹೀಗೆ ನಯವಾಗಿ ಕೇಳ್ತಾ ಕೂತರೆ ಆಯ್ತು, ನಾಲ್ಕು ಬೈದು ಹೇಳಿ, ಎನ್ನುತ್ತಾಳೆ ಸ್ಟೂಲಿನ ಮೇಲಿನ ಹೆಂಡತಿ, ಊರವರ ಗಡ್ಡಕ್ಕೆಲ್ಲ ಕನ್ನಡಿ ಹಿಡೀತಾರೆ, ತಮ್ಮ ಕಾಲು ನೋಡ್ಕೊಳ್ಳೋಕೆ ಕಣ್ಣಿಲ್ಲ. ಸುಮ್ನಿರೇ, ದಿನಾ ನಾನು ಬಗ್ಗಿಸೋ ತಲೆ ಎಷ್ಟು, ಇವತ್ತು ನೀವಿಬ್ಬರು ಸೇರಿ ನನ್ನ ತಲೆ ಬಗ್ಗಿಸ್ತೀರಾ, ಎನ್ನುತ್ತಾನೆ ಆತ, ಮುಖ ತಿರುಗಿಸದೆ. ಹಾಸ್ಯ ಮಾತ್ರ ಎಲ್ಲೂ ಮರಗಟ್ಟಿಲ್ಲ, ಮರಗಟ್ಟಿರುವುದು ಪಾದ, ಸಕ್ಕರೆ ಕಾಯಿಲೆ ಒಳಗಿಂದೊಳಗೇ ಮೇಯ್ದುಬಿಟ್ಟಿದೆ, ಹಿಂದೆ ಆಸ್ಪತ್ರೆಯಿಂದ ಮೆತ್ತನೆ ಚಪ್ಪಲಿ ಮಾಡಿಸಿಕೊಟ್ಟರೆ ಡಬ್ಬಿ ಸಮೇತ ಅಂಗಡಿಯ ಕನ್ನಡಿಯ ಕೆಳಗಿಟ್ಟ, ಕತ್ತರಿ ಹಿಡಿಯೋ ಜಾಗ ತಾಯಿ, ಚಪ್ಪಲಿ ಮೆಟ್ಟಿ ನಿಲ್ಲಲಾ? ಇವಳು ವಾದಿಸಲಿಲ್ಲ. ಆ ಜಾಗ ನಿಮಗೆ ದೇವರಿದ್ದ ಹಾಗೆ, ಎಂದಳು, ಆತನ ಮಾತನ್ನೇ ಆತನಿಗೆ ಮರಳಿಸಿದಳು, ತಿಂಗಳುಗಟ್ಟಲೆ ಮರಳಿಸಿದಳು. ಈ ಬೆಳಿಗ್ಗೆ ಬ್ಯಾಂಡೇಜು ಬಿಚ್ಚಿದಾಗ ನರ್ಸು ಹುಣ್ಣಿನೊಳಗಿಂದ ಚಿಮುಟದಲ್ಲಿ ಕೂದಲೊಂದನ್ನು ಎಳೆದಳು, ಬಿಳಿಯದು, ಯಾವ ಗಿರಾಕಿಯದೋ, ಉದ್ದಕ್ಕೆ ಬರುತ್ತಲೇ ಇತ್ತು, ಆತ ಅದನ್ನು ಬೇರೆಯವರ ಕಾಲೇನೋ ಎಂಬಂತೆ ನೋಡುತ್ತಿದ್ದ. ಒಮ್ಮೆ, ಒಂದೇ ಒಂದು ಸಲ, ಹೆಂಡತಿ ಕಿರುಚಿದ ಹಾಗೆ ತಾನೂ ಕಿರುಚಿದ್ದರೆ? ತಾನು ತೋರಿದ್ದು ತಾಳ್ಮೆಯೋ ದಣಿವೋ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಒಳಗಿನಿಂದಲೂ ಈಗೀಗ ಹಾಗೇ — ದೇವರೇ, ನಿನಗೂ ಹೀಗೇ ಏನು, ಕೇಳಿಟ್ಟು ಕಾಯುವುದೇ ಆಯಿತೇನು, ನಿನಗೂ ಸಂಜೆಯ ಹೊತ್ತಿಗೆ ಬೆನ್ನು ನೋಯುತ್ತದೆಯೇ. ಬಾಯಿ ತೆರೆಯಬೇಡ. ಬಕೆಟ್ಟು ಕರ್ರ್ ಎಂದಿತು. ತೆರೆಯಬೇಡ.

ಮೊಮ್ಮಗಳಿದ್ದಾಳಲ್ಲ ತಾಯಿ, ಕಿಟಕಿಗೇ ಹೇಳುತ್ತಿದ್ದಾನೆ ಆತ, ನನ್ನ ಪಾದದ ಮೇಲೆ ಪಾದ ಇಟ್ಟು ನಿಲ್ತಾಳೆ, ಪ್ಯಾಂಟು ಹಿಡ್ಕೊಂಡು, ನಾನು ನಡೆಸಬೇಕು, ಅವಳಿಗದು ಆಟ. ಮೊನ್ನೆ ಅಂಗಡಿಯಲ್ಲಿ ನಡೆಸ್ತಿದ್ದೆ, ಮಾತಾಡ್ತಾ, ಬಿದ್ದುಗಿದ್ದಾಳು ಅಂತ ಮೆಲ್ಲಗೆ. ಕುರ್ಚಿಯಲ್ಲಿ ಕೂತಿದ್ದೋನು ಕನ್ನಡಿಯಲ್ಲಿ ನೋಡಿ ನಕ್ಕ, ಯಾರನ್ನಯ್ಯಾ ಹೊತ್ಕೊಂಡು ಹಾಗೆ ನಡೀತಿದ್ದೀಯ? ಕೆಳಗೆ ನೋಡಿದೆ. ಮಗು ಯಾವಾಗಲೋ ಇಳಿದು ಬೀದಿಗೆ ಹೋಗಿತ್ತು. ಹೆಂಡತಿ ಸ್ಟೂಲಿನಿಂದ ಎದ್ದಳು, ನನಗೆ ಹೇಳಲೇ ಇಲ್ಲವಲ್ರೀ. ಏನಂತ ಹೇಳ್ಲಿ? ಬೆರಳು ಹೋದರೆ ಹೋಗ್ಲಿ, ಪಾದ ಉಳಿದರೆ ಅವಳಿಗೆ ನಿಲ್ಲೋಕೆ ಜಾಗ ಇರುತ್ತೆ, ನಾನು ಇನ್ಮೇಲೆ ಕೆಳಗೆ ನೋಡ್ಕೊಂಡು ನಡೀತೀನಿ, ಎರಡು ಅಂದಿದ್ದು ಅದಕ್ಕೇ. ಆಮೇಲೆ, ಬೇರೇನೋ ಕೇಳುವವನಂತೆ, ಬೆಳಿಗ್ಗೆ ನೀರೂ ಕುಡೀಬಾರದಂತಾ? ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂಡದು, ಕೂಡದು ಎಂದು ತಲೆಯಾಡಿಸುತ್ತಿದ್ದಾಳೆ. ಆಯಿತು, ಬಂದಿತು, ಆತನ ಬಾಯಿಂದಲೇ ಬಂದಿತು, ಈಗ ಅದನ್ನು ಮೆಲ್ಲಗೆ ಆತನಿಗೆ ಮರಳಿಸಬೇಕು, ಅಂದರೆ ನೀವು ಹೇಳ್ತಿರೋದು — ಅಂದರೆ ನೀವು — ಇವಳ ಕಣ್ಣೊಳಗೆ ಅಂಗಡಿಯ ಕನ್ನಡಿಯ ಮುಂದೆ ಆ ಎರಡು ಪಾದಗಳು, ನೆಲದ ತುಂಬ ಕೂದಲು, ಒಂದು ಹೆಜ್ಜೆ, ನಿಂತು, ಜೋಪಾನವಾಗಿ ಇನ್ನೊಂದು, ಮೇಲೆ ಯಾರೂ ಇಲ್ಲ, ಮತ್ತೆ ಒಂದು ಹೆಜ್ಜೆ, ಜೋಪಾನವಾಗಿ, ಮೇಲೆ ಯಾರೂ ಇಲ್ಲ