ಮೂರನೆಯ ಸೆಲ್ಲಿನ ನೀರು

ಹುಣಸೆಹುಳಿ ಹಾಕಿ ತಿಕ್ಕಿದ ತಾಮ್ರದ ವಾಸನೆಯಲ್ಲವೇ ಇದು, ಅಲ್ಲ, ಅದಕ್ಕಿಂತ ಘಾಟು, ಗಂಟಲಿಗೇ ಇಳಿಯುವಂಥದ್ದು — ರೂಪಶ್ರೀ ಸೆರಗನ್ನು ಮೂಗಿಗೊತ್ತಿಕೊಂಡು ನಬೀ ಸಾಬರ ಬ್ಯಾಟರಿ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಾಳೆ, ಹೊರಗೆ ಪಿ.ಜೆ. ಬಡಾವಣೆಯ ಆಟೋಗಳ ಗದ್ದಲ, ಗಂಡನ ಗಾಡಿಯ ಬ್ಯಾಟರಿ ನಿನ್ನೆ ಸಂಜೆ ಚಾರ್ಜಿಗೆ ಹಾಕಿದ್ದು, ಮಧ್ಯಾಹ್ನ ಇಳಿಯುತ್ತಾ ಬಂತು, ಇನ್ನೊಂದೀಟು ಕೂಡ್ರಿ ಅಮ್ಮಾ, ಮಲಗಿದೋರ್ನ ಎಬ್ಬಿಸಿದಂಗೆ ಅಲ್ಲ ಇದು ಎಂದರು ಸಾಬರು, ಮಲಗಿದವರನ್ನು ಎಬ್ಬಿಸುವುದೇನು ಸುಲಭವೇ, ನಾಲ್ಕು ತಿಂಗಳಿಂದ ಗಂಡ ನಾಗಭೂಷಣ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ಹರಿಹರದ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದ ದಿನ ಯೆಜ್ಡಿ ಬೈಕನ್ನು ಜಗುಲಿ ಪಕ್ಕ ನಿಲ್ಲಿಸಿದವನು ಮತ್ತೆ ಅದನ್ನು ಮುಟ್ಟಲಿಲ್ಲ, ಮೊನ್ನೆ ಅವನ ಜೊತೆ ಕೆಲಸಕ್ಕಿದ್ದ ಬಕ್ಕೇಶಣ್ಣ ಬಂದು, ಹರಿಹರದಾಗೇ ಇನ್ನೊಂದು ಕಡೆ ಲೇತ್ ಮಿಷನ್ನಿಗೆ ಕೈ ಪಳಗಿದೋರು ಬೇಕಂತೆ, ಗುರುವಾರ ಏಳಕ್ಕೆ ಬಾ, ನೀ ಬರ್ಲಿಲ್ಲಾಂದ್ರೆ ಬಾಗ್ಲಾಗೆ ಇನ್ನೊಬ್ಬ ನಿಂತಾನೆ ಎಂದಾಗ ಇವನು ಗೋಡೆಗೇ ಉತ್ತರ ಹೇಳಿದ್ದ, ಗಾಡಿ ಸ್ಟಾರ್ಟ್ ಆದ್ರೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ, ಬಸ್ಸಿಗೆ ಹೋಗ್ರಿ ಅಂದಳು ಇವಳು, ಬಸ್ಸಿನಾಗೆ ಎಲ್ಲಾರೂ ಕೇಳ್ತಾರೆ ಕಣೇ, ಏನಪಾ ಗೇಟು ತೆಗೆದ್ರಾ ಅಂತ, ಬ್ಯಾಡ — ಅಷ್ಟೇ, ನಾಳೆಯೇ ಗುರುವಾರ, ಅಜ್ಜಿಯ ಕಥೆಯಲ್ಲೊಬ್ಬ ರಾಜ, ಜೀವವನ್ನು ಮೈಯಲ್ಲಿಟ್ಟುಕೊಳ್ಳದೆ ಒಂದು ಕರೀ ಪೆಟ್ಟಿಗೆಯಲ್ಲಿಟ್ಟಿದ್ದ, ರಾಣಿ ಅದರ ಮುಚ್ಚಳ ತೆಗೆಯುವ ಹೊತ್ತಿಗೆ ರೂಪಶ್ರೀಗೆ ನಿದ್ದೆ ಬಂದುಬಿಡುತ್ತಿತ್ತು, ತೆಗೆದ ಮೇಲೆ ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲ.

ಬ್ಯಾಟರಿಯ ಮೂರು ಬಿರಡೆ ಬಿಚ್ಚಿಟ್ಟಿದ್ದಾರೆ, ಮೂರು ಸೆಲ್ಲು, ಎರಡರಲ್ಲಿ ಸಣ್ಣಗೆ ಸಳಸಳ ಗುಳ್ಳೆ ಏಳುತ್ತಿವೆ, ಹಾಲು ಉಕ್ಕುವುದಕ್ಕೆ ಮುಂಚಿನ ಹಾಗೆ, ಮೂರನೆಯದರಲ್ಲಿ ನೀರು ಸುಮ್ಮನಿದೆ, ಸಾಬರು ರಬ್ಬರ್ ಬುಡ್ಡೆಯ ಗಾಜಿನ ಕೊಳವೆಯಿಂದ ಅದನ್ನು ಹೀರಿ ಬೆಳಕಿಗೆ ಹಿಡಿದರು, ಚಾರ್ಜು ಹಿಡಿದಿದ್ದರೆ ಮೇಲೇಳಬೇಕಾದ ಒಳಗಿನ ತೇಲುಗೊಳವೆ ಏಳಲೇ ಇಲ್ಲ, ಇದಕ್ಕೇನು ಸಾರು-ಗೀರು ಬಿಟ್ಟಿದ್ರೇನಮ್ಮಾ, ಬಗ್ಗಡ ಆಗೈತಲ್ರಿ, ಇಲ್ರೀ ಸಾಬ್ರೆ, ಅಂಗಡಿಯಿಂದ ತಂದ ಬ್ಯಾಟರಿ ನೀರೇ ಹಾಕಿದ್ದು ಎಂದಳು, ಸುಳ್ಳು, ಆಯುಧಪೂಜೆಯ ಮರುದಿನ ಅತ್ತೆ ಸರ್ವಮಂಗಳಮ್ಮ ಕಲಶದ ನೀರು ಕೈಗೆ ಕೊಟ್ಟಿದ್ದರು, ಹರಿಹರದ ಹೊಳೆಯಿಂದ ತಂದದ್ದು, ವಿಭೂತಿ ಕದಡಿದ್ದು, ಯಾರೂ ತುಳಿಯದಂಗೆ ಗಿಡದ ಬುಡಕ್ಕೆ ಹಾಕವ್ವಾ ಎಂದರು, ಹಿಂದಿನ ದಿನವಷ್ಟೇ ಗಾಡಿ ತೊಳೆಯುತ್ತಾ ಇವನು ಅಂದಿದ್ದ, ಬ್ಯಾಟರಿ ನೀರು ಇಳಿದೈತೆ, ಹಾಕ್ಬೇಕು ಅಂತ, ಅವಳು ಗಿಡದವರೆಗೆ ಹೋಗಲಿಲ್ಲ, ದಿನಾ ಹೊಳೆಯೂರಿಗೆ ಓಡುವ ಗಾಡಿ ಹೊಳೆಯ ನೀರನ್ನೇ ಕುಡಿಯಲಿ ಅನ್ನಿಸಿತು, ಮೊದಲು ಬಿಚ್ಚಿದ ಒಂದು ಬಾಯಿಗೇ ಅಷ್ಟೂ ಹಿಡಿಸಿತು, ಅದಾಗಿ ತಿಂಗಳಿಗೆ ಗೇಟಿಗೆ ಬೀಗ ಬಿತ್ತು, ಅದೂ ತಾನೇ ಮಾಡಿದ್ದೇ, ಛೆ, ಎಲ್ಲಿಯ ನೀರು ಎಲ್ಲಿಯ ಬೀಗ, ಆದರೂ — ಈ ಸೆಲ್ಲು ಸತ್ತೈತಮ್ಮಾ ಎನ್ನುತ್ತಿದ್ದಾರೆ ಸಾಬರು, ಆರು ವೋಲ್ಟಿಂದು ಈ ಊರಾಗೆ ಸಿಗಲ್ಲ, ಹುಬ್ಬಳ್ಳಿಯಿಂದ ತರಿಸ್ಬೇಕು, ಎಂಟು ದಿನ, ನಾಳೆ ಬೆಳಿಗ್ಗೆಗೆ ಬೇಕ್ರೀ ಎಂದಳು, ನಾಳೆಗಾ ಎಂದು ನಕ್ಕವರು ಅವಳ ಮುಖ ನೋಡಿ ನಗು ನಿಲ್ಲಿಸಿದರು, ಅದಿಲ್ದೆ ಯೆಜ್ಡಿ ಕಿಕ್ಕಿಗೂ ಏಳಲ್ಲ ತಾಯೀ, ಆಯ್ತು, ಇನ್ನೊಂದು ತಾಸು ಚಾರ್ಜಿಗೆ ಬಿಡ್ತೀನಿ, ನಿಮ್ಮ ಸಮಾಧಾನಕ್ಕೆ, ಇವತ್ತು ಬೆಳಿಗ್ಗೆ ನಾಗಭೂಷಣ ತಾನಾಗಿಯೇ ಎದ್ದು ಗಡ್ಡ ಹೆರೆದುಕೊಂಡ, ಗಲ್ಲದ ಮೇಲೆ ಸಣ್ಣ ಗಾಯ, ನೀಲಿ ಅಂಗಿ ಇಸ್ತ್ರಿ ಮಾಡಿಡು ಅಂದ, ನಂಬಿಬಿಟ್ಟಿದ್ದಾನೆ, ಬಾಗಿಲಿಗೇ ಬಂದು ನಿಂತಿರುತ್ತಾನೆ, ಏನಾಯ್ತೇ ಅನ್ನುತ್ತಾನೆ, ಆ ನೀಲಿ ಅಂಗಿಯ ಎದುರು ಏನೆಂದು ಬಾಯಿ ತೆರೆಯುವುದು, ಆಮೇಲೆ ಅವನು ಗೋಡೆಗೆ ತಿರುಗಿಬಿಟ್ಟರೆ ಯಾವ ಬಕ್ಕೇಶಣ್ಣ ಮತ್ತೆ ಬರುತ್ತಾನೆ, ಮೂರನೆಯದರಲ್ಲಿ ಏನೋ ಮಿಸುಕಿತಲ್ಲ, ಬಗ್ಗಿದಳು, ಮೇಲಿನ ಫ್ಯಾನಿನ ನೆರಳು ಅದು, ಆ ಕಡೆ ಎರಡರಲ್ಲಿ ಗುಳ್ಳೆ, ಸಳಸಳ, ಇದರಲ್ಲಿ ನೀರು ಸುಮ್ಮನಿದೆ, ಸುಮ್ಮನೆ, ನೀರು