ಒಂಬತ್ತನೆಯ ಮಗ್ಗದ ಹತ್ತು ನಿಮಿಷ

ಬೆಳಿಗ್ಗೆ ಎಂಟಕ್ಕೆ ದುಂಡಪ್ಪ ಒಂಬತ್ತನೆಯ ಮಗ್ಗದ ಮುಂದೆ ಬಂದು ನಿಂತಾಗ ಅದಕ್ಕೆ ತೂಗುಹಾಕಿದ ಪಾಟಿಯ ಮೇಲೆ ಅವನದೇ ಅಕ್ಷರಗಳಿದ್ದವು. ಹಿಂದಿನ ಸಂಜೆ ಪಾಳಿ ಮುಗಿಸಿ ಹೋಗುವಾಗ ಬರೆದದ್ದು: 'ಹಾಸು ಠೀಕ. ಲಾಳಿ ಠೀಕ. ಎಡಗಡೆ ಎಣ್ಣೆ ಹಾಕೇನಿ.' ರಾತ್ರಿ ಪಾಳಿಯ ಜೋತಿಬಾ ಅದನ್ನು ಒರೆಸಿ ತನ್ನ ಮಾತು ಬರೆದಿಟ್ಟು ಹೋಗಬೇಕಿತ್ತು. ಬಟ್ಟೆಯೂ ದುಂಡಪ್ಪ ಬಿಟ್ಟುಹೋದಲ್ಲಿಯೇ ನಿಂತಿತ್ತು. ಸುತ್ತಲಿನ ಮಗ್ಗಗಳೆಲ್ಲ ದಡಬಡ ಎನ್ನುತ್ತಿದ್ದವು. ಅದೊಂದೇ ಸುಮ್ಮನಿತ್ತು.

ಮಗ್ಗ ರಿಪೇರಿ ಮಾಡುವ ಬಾಳಗೊಂಡ ಎಣ್ಣೆಗೈ ಒರೆಸಿಕೊಳ್ಳುತ್ತ ಬಂದ. ಆ ಸದ್ದಿನಲ್ಲಿ ಮಾತಾಡಬೇಕಾದರೆ ಕಿವಿಗೆ ಬಾಯಿ ಹಚ್ಚಬೇಕು. ಅವನು ಹಾಗೆ ಮಾಡಲಿಲ್ಲ. ತೋಳು ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದ.

"ಕಾಕಾ, ಜೋತಿಬಾ ಹೋಗಿಬಿಟ್ಟಾನ್ರಿ. ನಿನ್ನೆ ಸಂಜಿಮುಂದ ಪಾಳಿಗೆ ಬರಾಕ ಅಂಗಿ ಹಾಕ್ಕೊಳ್ಳಾಕತ್ತಿದ್ನಂತ. ಎದಿ ಹಿಡಕೊಂಡು ಕುಂತಾಂವ ಏಳಲೇ ಇಲ್ಲ."

"ಎಲ್ಲದಾನ ಈಗ?"

"ನಸುಕಿನ್ಯಾಗ ಅಂವನ ಊರಿಗೆ, ಉತ್ತೂರಿಗೆ ಒಯ್ದಾರ. ಇಷ್ಟೊತ್ತಿಗೆ ಎಲ್ಲಾ ಮುಗದಿರತೈತಿ."

"ನನಗೊಂದ ಮಾತ ಯಾರೂ ಹೇಳಲಿಲ್ಲಲ್ಲೋ."

"ಅಂವನ ಫೋನಿನಾಗ ನಿಮ್ಮ ನಂಬರ ಇರಲಿಲ್ಲಂತ್ರಿ."

ಅದು ನಿಜವೇ ಆಗಿತ್ತು. ದುಂಡಪ್ಪನ ಫೋನಿನಲ್ಲಿಯೂ ಅವನ ನಂಬರು ಇರಲಿಲ್ಲ. ದಿನಕ್ಕೆ ಎರಡು ಸಲ ಮುಖ ನೋಡುತ್ತಿದ್ದವರಿಗೆ ನಂಬರು ಏತಕ್ಕೆ ಬೇಕಿತ್ತು?

ಶಹಾಪುರದ ಆ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ಅವರಿಬ್ಬರೂ ಒಂದೇ ಮಗ್ಗ ನಡೆಸಿದ್ದರು. ಒಬ್ಬನದು ಹಗಲು, ಒಬ್ಬನದು ರಾತ್ರಿ. ಪಾಳಿ ಬದಲಾಗುವಾಗ ಮಗ್ಗ ನಿಲ್ಲಿಸಿ, ಹೋಗುವವನು ಬರುವವನ ಕೈಗೆ ಲಾಳಿ ಕೊಟ್ಟು, ಎಲ್ಲಿ ಎಳೆ ಹರಿಯುತ್ತದೆ, ಎಲ್ಲಿ ಪಟ್ಟಾ ಸಡಿಲಾಗಿದೆ ಎಂದು ಹೇಳುವುದು ರೂಢಿ. ಅದಕ್ಕೆ ಹತ್ತು ನಿಮಿಷ. ಜೋತಿಬಾ ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಮಗ್ಗವನ್ನು ಮುದುಕಿ ಎನ್ನುತ್ತಿದ್ದ.

"ಮುದುಕಿ ರಾತ್ರಿಯೆಲ್ಲಾ ಕೆಮ್ಮ್ಯಾಳ ಬಗಾ. ಜರಾ ಸಾಂಭಾಳ, ಜೋಪಾನ ಮಾಡ."

"ನಿನ್ನ ಹಾಡ ಕೇಳಿ ಕೆಮ್ಮಿರಬೇಕ."

"ಮತ್ತ ನಿನ್ನ ಹಣಿ ಮ್ಯಾಲಿನ ವಿಭೂತಿ ನೋಡಿ ಅಂಜತಾಳ. ದೇವರ ಬಂದಾನಂತ ಎಳೀನ ಹರಿಯೂದಿಲ್ಲ."

ಹೀಗೆ ನಗುತ್ತಲೇ ತಂಬಾಕಿಗೆ ಸುಣ್ಣ ತಿಕ್ಕುವುದು, ಮಗಳ ಬಾಣಂತನದ ಸುದ್ದಿ, ಊರಿನ ಮಳೆಯ ಸುದ್ದಿ. ಐದು ವರ್ಷದ ಹಿಂದೆ ಒಂದು ಮುಂಜಾನೆ ಲಾಳಿ ತೆಗೆದುಕೊಳ್ಳುವಾಗ ಜೋತಿಬಾನ ಬೆರಳು ಕಾದ ಹಂಚಿನಂತೆ ಸುಡುತ್ತಿದ್ದವು. ಏನೂ ಆಗಿಲ್ಲ ಎಂದು ಅವನು ಎಷ್ಟು ಹೇಳಿದರೂ ಕೇಳದೆ ದುಂಡಪ್ಪ ಅವನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ದವಾಖಾನೆಗೆ ಒಯ್ದಿದ್ದ. ಡೆಂಗ್ಯೂ ಜ್ವರ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದರು.

ಹೋದ ವರ್ಷ ಮಾಲಕ ಪಾರೀಸರ ಮಗಳು ಸಾಯಲಿ ಕೊಲ್ಹಾಪುರದಲ್ಲಿ ಓದು ಮುಗಿಸಿ ಬಂದು ಶೆಡ್ಡಿನ ಕೆಲಸ ನೋಡಿಕೊಳ್ಳತೊಡಗಿದಳು. ಜಾಣ ಹುಡುಗಿ, ಮಾತು ಮೃದು. ಮೂರು ವಾರ ಗಡಿಯಾರ ಹಿಡಿದು, ನೂಲು ಬಂದಲ್ಲಿಂದ ಬಟ್ಟೆ ಲಾರಿ ಏರುವವರೆಗೆ ಒಂದೊಂದು ಹೆಜ್ಜೆಯನ್ನೂ ಹಳದಿ ಚೀಟಿಯ ಮೇಲೆ ಬರೆದು ಗೋಡೆಗೆ ಹಚ್ಚಿದಳು. ಬೇಡವಾದ ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ನೂಲಿನ ಕಂಡಿಕೆ ಹೊರುವ ಹೆಂಗಸರು ದಿನಕ್ಕೆ ನಲವತ್ತು ಸಲ ಅಂಗಳ ದಾಟುವುದು ತಪ್ಪಿತು. ಮೂರು ಕಡೆ ಬರೆಯುತ್ತಿದ್ದದ್ದು ಒಂದೇ ಕಡೆ ಬಂತು. ಅವಳನ್ನು ಎಲ್ಲರೂ ಹರಸಿದರು.

ಒಂದು ದಿನ ಎರಡೂ ಪಾಳಿಯವರನ್ನು ಕೂಡಿಸಿ ಅವಳು ಕೇಳಿದಳು: "ಬಟ್ಟಿಗೆ ಬ್ಯಾಡಾದ ಕೆಲಸ ಇನ್ನೂ ಏನ ಉಳದೈತಿ, ನೀವ ಹೇಳ್ರಿ. ನನಗಿಂತ ನಿಮಗ ಹೆಚ್ಚ ಗೊತ್ತೈತಿ."

ಅಷ್ಟು ವರ್ಷಗಳಲ್ಲಿ ದುಂಡಪ್ಪನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕಾಯಕದ ಹೊತ್ತಿನಲ್ಲಿ ಹರಟೆ ಹೊಡೆಯುತ್ತೇವಲ್ಲ ಎಂಬ ಅಳುಕೂ ಅವನಿಗೆ ಮೊದಲಿನಿಂದ ಇತ್ತು. ಎದ್ದು ನಿಂತ.

"ಪಾಳಿ ಬದಲಾಗೂ ಮುಂದ ಮಗ್ಗ ಹತ್ತ ಮಿನಿಟ ನಿಂದರತಾವ್ರಿ ಅಕ್ಕಾರ. ಮಗ್ಗದ ಮಾತ ಎರಡ ಮಿನಿಟಿಂದು. ಉಳದದ್ದೆಲ್ಲಾ ನಮ್ಮ ಹರಟಿ. ಒಂದೊಂದ ಪಾಟಿ ತೂಗ ಹಾಕಿದ್ರ ಬರದ ಇಟ್ಟ ಹೋಗಬಹುದು."

ಹಿಂದಿನಿಂದ ಜೋತಿಬಾ ಕೂಗಿದ: "ಅರೆ, ಮಾಝಾಚ ಸಂಸಾರ ಮೋಡಲಾಸ ಕೀ! ಹತ್ತೊಂಬತ್ತ ವರ್ಷದ ಸಂಸಾರ ಮುರದೆಲ್ಲೋ ಮಾರಾಯಾ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ದುಂಡಪ್ಪನೂ ನಕ್ಕ.

ಎಂಟು ದಿನದಲ್ಲಿ ಪಾಟಿಗಳು ಬಂದವು. ಗದ್ದಲವಾಗಬಾರದೆಂದು ಬರುವವರಿಗೆ ಮುಂಬಾಗಿಲು, ಹೋಗುವವರಿಗೆ ಹಿಂಬಾಗಿಲು, ಗಂಟೆ ಬಾರಿಸಿದ ಮೇಲೆ ಒಳಗೆ ನಿಲ್ಲುವಂತಿಲ್ಲ ಎಂದಾಯಿತು; ಎರಡು ಪಾಳಿಯವರು ಮುಖ ನೋಡುವುದೂ ತಪ್ಪಿತು. ಒಳ್ಳೆಯ ಸಲಹೆ ಕೊಟ್ಟವನೆಂದು ಮಾಲಕರು ದುಂಡಪ್ಪನಿಗೆ ಶಾಲು ಹೊದಿಸಿದರು. ಶಾಲು ಹೊದ್ದ ಅವನ ಫೋಟೋ ಮುಂಬಾಗಿಲ ಪಕ್ಕ ಗೋಡೆಗೆ ಬಂತು.

ಮೊದಮೊದಲು ಜೋತಿಬಾ ಪಾಟಿಯ ಮೇಲೂ ಚೇಷ್ಟೆ ಬಿಡಲಿಲ್ಲ. 'ಮ್ಹಾತಾರೀ ಬರೀ ಆಹೇ. ತೂ?' ಎಂದು ಬರೆದಿಡುತ್ತಿದ್ದ. ಮುದುಕಿ ಆರಾಮ ಇದ್ದಾಳೆ, ನೀನು? ಪಾಟಿ ಇರುವುದು ಮಗ್ಗದ ಮಾತಿಗೆ ಎಂದು ದುಂಡಪ್ಪ ಅದಕ್ಕೆ ಉತ್ತರ ಬರೆಯಲಿಲ್ಲ. ಕ್ರಮೇಣ ಜೋತಿಬಾನೂ 'ಠೀಕ' ಎಂದಷ್ಟೇ ಬರೆಯತೊಡಗಿದ. ಅಕ್ಷರ ಓರೆಯಾಗುತ್ತ ಬಂದದ್ದನ್ನು ದುಂಡಪ್ಪ ಗಮನಿಸಿದ್ದ. ಬಳಪ ಸವೆದಿರಬೇಕೆಂದುಕೊಂಡು ಹೊಸ ಬಳಪ ತಂದಿಟ್ಟಿದ್ದ.

ಸಾಯುವ ಎಂಟು ದಿನ ಮೊದಲು ಪಾಟಿಯ ಮೇಲೆ ಬೇರೆ ಮಾತಿತ್ತು. 'ಸಂಧ್ಯಾಕಾಳೀ ಜರಾ ಥಾಂಬ. ಬೋಲಾಯಚಂ ಆಹೇ.' ಸಂಜೆ ಸ್ವಲ್ಪ ನಿಲ್ಲು, ಮಾತಾಡುವುದಿದೆ.

ಆ ಸಂಜೆ ಶೆಡ್ಡು ನೋಡಲು ಕೊಲ್ಹಾಪುರದಿಂದ ಮಂದಿ ಬಂದಿದ್ದರು. ಎಂಟರ ಗಂಟೆ ಬಾರಿಸಿದಾಗ ಸಾಯಲಿ ಅವರಿಗೆ ದುಂಡಪ್ಪನ ಫೋಟೋ ತೋರಿಸುತ್ತಿದ್ದಳು. ನಿಯಮ ಹೇಳಿಕೊಟ್ಟವನೇ ಮುರಿದರೆ ಹೇಗೆ? ಅವನು ಮಗ್ಗದ ಬಳಿ ಒಂದು ಕ್ಷಣ ನಿಂತ. ಜೋತಿಬಾನ ಸಾಲನ್ನು ಅಂಗೈಯಿಂದ ಒರೆಸಿದ. 'ಹಾಸು ಠೀಕ, ಲಾಳಿ ಠೀಕ' ಎಂದು ಬರೆದು ಹಿಂಬಾಗಿಲಿನಿಂದ ಹೊರಟ. ಸೂಟಿಯ ದಿನ ಅವನ ಮನೆಗೇ ಹೋದರಾಯಿತು ಎಂದುಕೊಂಡ. ಸೂಟಿಯ ದಿನ ಅಮಾವಾಸ್ಯೆ ಇತ್ತು. ಗಡಹಿಂಗ್ಲಜದ ಮಠಕ್ಕೆ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗಿತು.

ಮೂರನೆಯ ದಿನ ಅವನು ಬಸ್ಸು ಹಿಡಿದು ಉತ್ತೂರಿಗೆ ಹೋದ. ಜೋತಿಬಾನ ಹೆಂಡತಿ ಸುವರ್ಣಾ ಗೋಡೆಗೆ ಆತು ಕುಳಿತಿದ್ದಳು. ತವರು ಗಡಿಯ ಹಲಕರ್ಣಿಯಾದ್ದರಿಂದ ಅವಳಿಗೆ ಕನ್ನಡ ಬರುತ್ತಿತ್ತು.

"ಬರ್ರಿ ಭಾವಜೀ. ಬಾಯಿ ತುಂಬ ನಿಮ್ಮ ಹೆಸರ ಇತ್ತು ಅವರಿಗೆ," ಎಂದಳು. "ತಿಂಗಳ ಆತ್ರಿ, ಎದಿ ಹಿಡದಂಗ ಆಗತಿತ್ತು. ದವಾಖಾನಿಗೆ ನಡೀರಿ ಅಂದ್ರ ಕೇಳಲಿಲ್ಲ. 'ದುಂಡಪ್ಪ ಒಮ್ಮೆ ನನ್ನ ಮಾರಿ ನೋಡ್ಲಿ. ಹಿಂದ ಜ್ವರಾನೂ ಅಂವನ ಗುರ್ತ ಹಿಡದಿದ್ದ. ಅಂವ ಹೋಗು ಅಂದ್ರ ಹೋಗ್ತೇನಿ' ಅಂತಿದ್ರು. ನಿಮಗ ಭೆಟ್ಟಿ ಆಗಿದ್ರೇನ್ರಿ?"

ಸುತ್ತ ಕುಳಿತ ಹೆಂಗಸರು ಅವನ ಕಡೆಗೆ ನೋಡಿದರು.

"ಇಲ್ಲವಾ," ಎಂದ ದುಂಡಪ್ಪ. "ನಿಂದ್ರು ಅಂತ ಬರದಿದ್ದ. ನಾ ನಿಂದ್ರಲಿಲ್ಲ."

ಸುವರ್ಣಾ ನೀರಿನ ತಂಬಿಗೆಯನ್ನು ಅವನ ಮುಂದೆ ಸರಿಸಿದಳು.

"ನೀವರ ಏನ ಮಾಡತೀರಿ? ಪಾಳಿ ಬಿಟ್ಟ ಮ್ಯಾಲ ನಿಂದ್ರಾಕ ಬಿಡೂದಿಲ್ಲಂತಲ್ಲರಿ ಈಗ. ಯಾರೋ ಹೊಸಾ ಕಾಯ್ದೆ ತಂದಾರಂತ."

"ಯಾರ ತಂದಾರಂತ ಹೇಳಲಿಲ್ಲೇನ?"

"ಇಲ್ರಿ. ಕೇಳಿದ್ರ ನಗತಿದ್ರು."

ದುಂಡಪ್ಪ ತಂಬಿಗೆ ಎತ್ತಿಕೊಂಡ. ಕುಡಿಯದೆ ಕೆಳಗಿಟ್ಟ. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಬಂದು ಸುವರ್ಣಾಳನ್ನು ತಬ್ಬಿ ಅಳತೊಡಗಿದರು. ಅವನು ಎದ್ದು ಕೈಮುಗಿದು ಹೊರಗೆ ಬಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಡದೆ ಉಳಿದ ಆ ಮಾತು ಅವನನ್ನು ಕಾಡಿತು.

ಮರುದಿನ ಎಂಟಕ್ಕೆ ಇನ್ನೂ ಕಾಲು ಗಂಟೆ ಇರುವಾಗಲೇ ಅವನು ಶೆಡ್ಡಿಗೆ ಹೋದ. ಗೋಡೆಯ ಮೇಲಿನ ಫೋಟೋ ಇಳಿಸಿ ಸಾಯಲಿಯ ಮೇಜಿನ ಮೇಲೆ ಬೋರಲು ಹಾಕಿದ. ದುಂಡಪ್ಪ ಹಿಂದಿನ ರಾತ್ರಿ ಹೇಳಿಕೊಂಡದ್ದನ್ನೆಲ್ಲ ಬಾಳಗೊಂಡ ಅವಳಿಗೆ ತಿಳಿಸಿದ್ದನೆಂದು ಕಾಣುತ್ತದೆ. ಅವಳ ಕಣ್ಣು ಕೆಂಪಾಗಿದ್ದವು.

"ಕಾಕಾ, ಆ ಹತ್ತ ಮಿನಿಟ ಮತ್ತ ಹಾಕೂಣ್ರಿ?"

"ಹಾಕ್ರಿ ಅಕ್ಕಾರ. ಮಂದೀಗೆ ಬೇಕು." ಅವನು ತಡೆದು ಹೇಳಿದ, "ಒಂಬತ್ತನೇದಕ್ಕ ಮಾತಾಡಾಂವನ ಉಳದಿಲ್ಲ. ಅದಕ್ಕ ಏನ ಮಾಡತೀರೋ ಮಾಡ್ರಿ."

ಒಂಬತ್ತನೆಯ ಮಗ್ಗದ ಪಾಟಿಯ ಮೇಲೆ ಇನ್ನೂ ಅವನದೇ ಅಕ್ಷರಗಳಿದ್ದವು. ಅವನ್ನು ಒರೆಸಿದ. ಏನನ್ನೂ ಬರೆಯಲಿಲ್ಲ. ಲಾಳಿಯನ್ನು ಕೈಯಲ್ಲಿ ಹಿಡಿದು, ಜೋತಿಬಾ ಯಾವಾಗಲೂ ನಿಲ್ಲುತ್ತಿದ್ದ ಕಡೆಗೆ ಮುಖ ಮಾಡಿ ನಿಂತ. ಎಂಟರ ಗಂಟೆಯಾಯಿತು. ಅಕ್ಕಪಕ್ಕದ ಮಗ್ಗಗಳ ಮುಂದೆ ಹಗಲು ಪಾಳಿಯವರು ಬಂದು ನಿಂತರು.

"ಕಾಕಾ, ಮಗ್ಗ ಚಾಲೂ ಮಾಡ್ರಿ," ಎಂದು ದೂರದಿಂದ ಯಾರೋ ಕೂಗಿದರು. ಸಾಯಲಿ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದಳು.

ದುಂಡಪ್ಪ ಅಂಗಿಯ ಒಳಗಿನ ಲಿಂಗವನ್ನು ಎಡಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಆ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳುತ್ತಿರಲಿಲ್ಲ.

"ಶಿವಾ, ನನ್ನ ಗೆಳ್ಯಾ ನಿನ್ನ ಕಡೆ ಬಂದಾನ. ದಣದ ಬಂದಾನ, ಕೂಡಸ್ಕೋ. ಅಂವಗ ಏನೋ ಹೇಳೂದೈತಿ. ಅವಸರ ಮಾಡಬ್ಯಾಡಪಾ, ಪೂರ್ತಿ ಕೇಳು. ಕೇಳಿ, ಅಂವನ ಜೀವಕ್ಕ ಶಾಂತಿ ಕೊಡು."