ಸೋಪಿನ ಹಾಡಿನ ನಡುವೆ

"ಶುರುವಾಯ್ತು, ಸುಮ್ನಿರಿ!" ಎಂದು ಹಲ್ಲಿನವನು ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿದ. ಕೋಣೆಯಲ್ಲಿ ಮಾತಾಡುವವರೇ ಇರಲಿಲ್ಲ. ಅಪ್ಪ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅಕ್ಕ ಹಿಂದುಗಡೆ ಅವನ ಹೊದಿಕೆ ಒಗೆಯುತ್ತಿದ್ದಳು. ಬಡಿಯುವ ಸದ್ದು ಕೇಳಿದರೆ ಹೊದಿಕೆಯೊಳಗೆ ಇನ್ನೂ ಅಪ್ಪ ಇದ್ದಾನೇನೋ ಅನ್ನಿಸಬೇಕು, ಹಾಗೆ.

ಹಲ್ಲಿನವನೆಂದರೆ ಹಲ್ಲಿನ ಸೆಟ್ ಮಾಡುವವನು. ಆ ಬಡಾವಣೆಯಲ್ಲಿ ನಗುವ ಮುದುಕರಲ್ಲಿ ಅರ್ಧ ಜನ ನಗುತ್ತಿದ್ದದ್ದು ಅವನು ಮಾಡಿಕೊಟ್ಟ ಹಲ್ಲುಗಳಲ್ಲಿ. ಚಿಕ್ಕವನಿದ್ದಾಗ ಭಾನುವಾರ ಬೆಳಗ್ಗೆ ಟಿ.ವಿ. ಮುಂದೆ ಸ್ಟೂಲ್ ಎಳೆದು, ಅದರ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಕಾಮಿಡಿ ಕಾರ್ಯಕ್ರಮವನ್ನು ಜಾಹೀರಾತಿನ ಸಮೇತ ಹಿಡಿದಿಡುತ್ತಿದ್ದ. ಮನೆಯವರೆಲ್ಲ ದಿಂಬಿಗೆ ಮುಖ ಒತ್ತಿ ನಗಬೇಕು. ಮಾತು, ಕೆಮ್ಮು ಎಲ್ಲ ಜಾಹೀರಾತು ಬಂದಾಗಲೇ. ಸೋದರಮಾವ ಒಮ್ಮೆ ಸೀನನ್ನು ಹನ್ನೊಂದು ನಿಮಿಷ ತಡೆದು, ಜಾಹೀರಾತಿನಲ್ಲಿ ಬಿಟ್ಟಾಗ ಗೋಡೆಯ ಕ್ಯಾಲೆಂಡರ್ ಕೆಳಗೆ ಬಿದ್ದಿತ್ತು.

ಅಮ್ಮ ಹೋದದ್ದೂ ಅಂಥದೇ ಒಂದು ಭಾನುವಾರ. ಎದೆನೋವು ಅಂದಳಂತೆ. ಕಾರ್ಯಕ್ರಮ ಮುಗೀಲಿ ತಡಿ ಅಂದನಂತೆ ಅಪ್ಪ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದವಳು ಏಳಲಿಲ್ಲ. ಹೀಗೆಂದು ಎಲ್ಲರಿಗೂ ಹೇಳಿದವನು ಅಪ್ಪನೇ. ಆ ದಿನ ಸ್ಕೂಲಿನ ಟೂರಿಗೆ ಹೋಗಿದ್ದ ಅಕ್ಕ, ಬಂದು ಇದನ್ನು ಕೇಳಿದಂದಿನಿಂದ ಮೂವತ್ತೈದು ವರ್ಷ ಅವನಿಗೆ ಹೊತ್ತುಹೊತ್ತಿಗೆ ಊಟ ಹಾಕಿದ್ದಾಳೆ, ಮುಖ ನೋಡಿಲ್ಲ. ಹಲ್ಲಿನವನಿಗೆ ಆಗ ಒಂಬತ್ತು ವರ್ಷ. ಸ್ಕಿಟ್ಟುಗಳೆಲ್ಲ ಅವನಿಗೆ ಈಗಲೂ ಬಾಯಿಪಾಠ. ಆ ಬೆಳಗ್ಗೆ ಮನೆಯಲ್ಲಿ ನಡೆದದ್ದು ಮಾತ್ರ ನೆನಪಿಲ್ಲ.

ಆಗಿನ ಒಂದು ಕ್ಯಾಸೆಟ್ಟು ಇವತ್ತು ಬೀರುವಿನ ಹಿಂದೆ ಸಿಕ್ಕಿತ್ತು. ಕಳ್ಳನೊಬ್ಬ, ತಾನು ನುಗ್ಗಿದ ಮನೆಯಲ್ಲಿ ಕದಿಯೋಕೆ ಏನೂ ಇರಲಿಲ್ಲವೆಂದು ದೂರು ಕೊಡಲು ಹೊರಡುವ ಸ್ಕಿಟ್. ಹಲ್ಲಿನವನು ಕಳ್ಳನ ಜೊತೆಜೊತೆಗೇ ಮಾತು ಒಪ್ಪಿಸಿದ. ನಡುವೆ ಸೋಪಿನ ಪುಡಿಯ ಹಾಡು ಬಂತು. "ಒಂದೇ ಚಮಚ, ಒಂದೇ ಬಕೆಟ್ಟು" ಎಂದು ಕೈ ತಿರುವುತ್ತಾ ಅದನ್ನೂ ಹಾಡಿದ.

"ಆರಿಸು," ಅಂದ ಅಪ್ಪ.

"ಕಳ್ಳ ಇನ್ನೂ ಠಾಣೆಗೇ ಹೋಗಿಲ್ಲಪ್ಪ."

"ಆರಿಸೋ ಅಂದ್ನಲ್ಲ."

ಅಷ್ಟರಲ್ಲಿ ಹಾಡಿನ ಅಡಿಯಿಂದ ಅಮ್ಮನ ದನಿ ಕೇಳಿಸಿತು. "ರೀ, ಎದೆ ಹಿಂಡ್ದಂಗಾಗ್ತಿದೆ. ಯಾಕೋ ಸರಿಯಿಲ್ಲ."

"ಏಳು, ಏಳು. ಆಸ್ಪತ್ರೆಗೆ ಹೋಗೋಣ. ಚಪ್ಪಲಿ ಹಾಕ್ಕೋ." ಅದು ಅಪ್ಪ.

ಆಮೇಲೆ ಒಬ್ಬ ಹುಡುಗನ ಕೀರಲು ದನಿ. "ಅಮ್ಮಾ ಸುಮ್ನಿರು! ರೆಕಾರ್ಡ್ ಆಗ್ತಿದೆ! ಎಲ್ಲಾ ಹಾಳ್ಮಾಡ್ತೀರ! ಮುಗಿದ್ಮೇಲೆ ಹೋಗಿ!" ಅಳು, ಕಾಲು ಬಡಿಯುವ ಸದ್ದು.

"ಹೋಗ್ಲಿ ಬಿಡ್ರೀ, ಹತ್ತು ನಿಮಿಷ ತಾನೆ. ಅವನ್ನ ಅಳಿಸ್ಬೇಡಿ." ಮತ್ತೆ ಅಮ್ಮ.

ಹಾಡು ಮುಗಿಯಿತು. ಕಳ್ಳ ಠಾಣೆಯ ಮೆಟ್ಟಿಲು ಹತ್ತಿದ. ಟಿ.ವಿ.ಯಲ್ಲಿ ಜನ ಬಿದ್ದುಬಿದ್ದು ನಕ್ಕರು. ಅವರ ಜೊತೆ, ದಿಂಬಿನೊಳಗಿಂದ, ಅಮ್ಮನೂ.

ಹಲ್ಲಿನವನು ಗುಂಡಿ ಒತ್ತಿದ. ತಿರುವುತ್ತಿದ್ದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡ.

ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಿದ್ದಳು. "ಅಮ್ಮನ ದನಿ ಕೇಳಿಸ್ದಂಗಾಯ್ತು. ಏನಂದ್ಲೋ?"

"ಹೋಗೋಣ ಅಂದ್ಲು. ನಾನೇ ತಡಿ ಅಂದೆ," ಎಂದು ಅಪ್ಪ ಗೋಡೆಗೆ ಹೇಳಿದ. "ಗೊತ್ತಿರೋದೇ ಅಲ್ವಾ."

"ಹೆಂಗೆ ಹೇಳ್ತಾರೆ ನೋಡು, ಹಾಲಿಗೆ ನೀರು ಬೆರೆಸಿದ್ದು ಹೇಳ್ದಂಗೆ." ಅಕ್ಕ ತಿರುಗಿದಳು.

ಅಪ್ಪ ಮೊದಲ ಬಾರಿ ಈ ಕಡೆ ಹೊರಳಿ ಮಗನನ್ನು ನೋಡಿದ. ಬೇಡ ಎನ್ನುವಂತೆ ತಲೆಯಾಡಿಸಿದ. ಹಲ್ಲಿನವನು ಸುಮ್ಮನಿದ್ದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಡಾಕ್ಟರು ಅಪ್ಪನಿಗೆ ಕೊಟ್ಟ ಗಡುವಿನ ಲೆಕ್ಕದಲ್ಲಿ, ವಾರದೊಳಗೆ.

"ಅಕ್ಕಾ, ಹೋಗ್ಬೇಡ. ಕೂತ್ಕೋ."

"ಬಟ್ಟೆ ನೆನೆ ಹಾಕಿದೀನಿ ಕಣೋ."

"ನೆನೀಲಿ."

ಅವನ ಮುಖ ನೋಡಿ ಅಕ್ಕ ಮಂಚದ ತುದಿಯಲ್ಲಿ ಕೂತಳು. ಅವನು ಟೇಪನ್ನು ಹಿಂದಕ್ಕೆ ಓಡಿಸಿದ. ಮಂಚದ ಮೇಲಿಂದ ಅಪ್ಪನ ಕೈ ಬಂದು ಅವನ ಮಣಿಕಟ್ಟು ಹಿಡಿಯಿತು. ಹಿಡಿತದಲ್ಲಿ ಬಲವಿರಲಿಲ್ಲ. ಕ್ಯಾಸೆಟ್ಟಿನ ಎರಡು ಚಕ್ರಗಳೂ ಗಿರಗಿರನೆ ತಿರುಗುತ್ತಿದ್ದವು. ಅಕ್ಕನ ಬೆರಳಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.